ಡಸ್ಟರ್ ಹಿಡಿದವರದ್ದೇ ಮಾತು

ಲಗೋರಿಯಲ್ಲಿ ಚೆಂಡು ತಾಗಿತೋ ಇಲ್ಲವೋ? ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯ ಅರ್ಧ ಜಗಳ ಇದೇ. ಉಳಿದರ್ಧ ನಲಿ-ಕಲಿ ಕೋಣೆಯದು. ಅಲ್ಲಿ 1ರಿಂದ 3ನೇ ತರಗತಿವರೆಗಿನ ಮಕ್ಕಳು ಒಟ್ಟಿಗೇ ಕೂರುತ್ತಾರೆ, ಒಂದೇ ಕಲಿಕೆಯ ಕಾರ್ಡಿಗೆ ಎರಡು ಕೈ ಬೀಳುತ್ತವೆ. "ಮಿಸ್, ಇವ್ನು ನೋಡಿ ಮಿಸ್" ಅನ್ನೋದು ದಿನಕ್ಕೆ ಎಷ್ಟು ಸಲ ಕೇಳಿಸುತ್ತದೋ ಲೆಕ್ಕವಿಲ್ಲ.

ಮೊದಲೆಲ್ಲ ನಾನು ಜಡ್ಜ್ ಆಗಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಕೋಲು ಹೋಯಿತು, ತೀರ್ಪು ಹೋಗಿರಲಿಲ್ಲ. "ಯಾಕೆ ಹೊಡೆದೆ? ಸಾರಿ ಹೇಳು. ಕೈ ಕುಲುಕು." ಒಂದು ನಿಮಿಷದ ಕೆಲಸ. ಹುಡುಗ ನೆಲ ನೋಡುತ್ತಾ ಸಾರಿ ಅನ್ನುತ್ತಿದ್ದ, ಗೇಟಿನಾಚೆ ಹೋಗಿ ಇನ್ನೊಂದು ಏಟು ಹಾಕುತ್ತಿದ್ದ.

ಮೊದಲು ಬದಲಾಯಿಸಿದ್ದು ನನ್ನ ಪ್ರಶ್ನೆಯನ್ನು. "ಯಾಕೆ ಹೊಡೆದೆ" ಬಿಟ್ಟು "ಏನಾಯ್ತು" ಅಂತ ಕೇಳಿದೆ. ಯಾಕೆ ಅಂದರೆ ಮಕ್ಕಳು ನೆಪ ಹುಡುಕುತ್ತಾರೆ. ಏನಾಯ್ತು ಅಂದರೆ ಕತೆ ಹೇಳುತ್ತಾರೆ. ಅದನ್ನೂ ಕೂಡಲೇ ಕೇಳಬಾರದು. ಏದುಸಿರು ಬಿಡುತ್ತಿರುವ ಮಗುವಿನ ಕಿವಿಗೆ ಏನೂ ಹೋಗುವುದಿಲ್ಲ. ನಲ್ಲಿ ಹತ್ತಿರ ಮುಖ ತೊಳೆದು, ನೀರು ಕುಡಿದು ಬರಬೇಕು. ಒಬ್ಬೊಬ್ಬರಾಗಿ ಹೋಗಬೇಕು. ಇಬ್ಬರನ್ನೂ ಒಟ್ಟಿಗೆ ಕಳಿಸಿದರೆ ನಲ್ಲಿ ಹತ್ತಿರವೇ ಎರಡನೇ ಸುತ್ತು!

ಆಮೇಲೆ ಜಗಲಿ ಮೇಲೆ ಪಕ್ಕಪಕ್ಕ ಕೂರಿಸುತ್ತೇನೆ. ಎದುರುಬದುರು ಕೂತರೆ ಗುರಾಯಿಸುತ್ತಾರೆ. ಕೈಯಲ್ಲಿ ವಸ್ತು ಇದ್ದವರು ಮಾತ್ರ ಮಾತಾಡಬೇಕು. ಮೊದಲ ದಿನ ಲಗೋರಿ ಕಲ್ಲನ್ನೇ ಕೊಟ್ಟಿದ್ದೆ. ಸಿಟ್ಟಿನಲ್ಲಿರುವವರ ಕೈಗೆ ಕಲ್ಲು! ಮರುದಿನದಿಂದ ಡಸ್ಟರ್. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳಬೇಕು, "ಹ್ಞೂಂ, ಇದೇ" ಅಂತ ಮೊದಲಿನವರು ಒಪ್ಪುವ ತನಕ. ತುಂಬಾ ಹೊತ್ತು ಹಿಡಿಯುವುದು ಇಲ್ಲೇ. 5ನೇ ತರಗತಿಯ ಒಬ್ಬ ಮೂರು ಸಲ ತಪ್ಪು ಹೇಳಿದ. ನಾಲ್ಕನೇ ಸಲ, "ಔಟ್ ಆದಾಗ ಎಲ್ಲರೂ ನಕ್ಕರಲ್ಲ, ಅದಕ್ಕೆ ಅವನಿಗೆ ಸಿಟ್ಟು" ಅಂದ. ಪಕ್ಕದವನ ಕಣ್ಣು ತುಂಬಿತು. ಅದು ಚೆಂಡಿನ ಜಗಳ ಅಂತಲೇ ನಾನೂ ಅಂದುಕೊಂಡಿದ್ದೆ. ಅನುಮಾನ ಬಂದರೆ ಚೆಂಡು ಮತ್ತೆ ಎಸೆಯುವುದು ಅಂತ ಅವರಿಬ್ಬರೇ ನಿಯಮ ಮಾಡಿಕೊಂಡರು. ನಾನು ಸಾರಿ ಹೇಳಿಸಲಿಲ್ಲ. ಠೂ ಬಿಟ್ಟಿದ್ದವರು ಮರುದಿನ ಬಿಸಿಯೂಟದ ಸಾಲಿನಲ್ಲಿ ಹಿಂದೆ ಮುಂದೆ ನಿಂತಿದ್ದರು.

ಒಂದು ಸಲ ಚೆನ್ನಾಗಿಯೇ ಎಡವಿದೆ. 4ನೇ ತರಗತಿಯ ಹುಡುಗಿಯೊಬ್ಬಳನ್ನು ಮೂವರು ಸೇರಿ ತಿಂಗಳುಗಟ್ಟಲೆ ಅಡ್ಡಹೆಸರು ಹಿಡಿದು ಕಾಡುತ್ತಿದ್ದರು. ಅದನ್ನೂ ಜಗಲಿಗೆ ತಂದೆ. ಡಸ್ಟರ್ ಕೊಟ್ಟೆ. ಅವಳು ಹಿಡಿದುಕೊಂಡು ಸುಮ್ನೆ ಕೂತಳು. ಕಾಡುವ ಮೂವರ ಮುಂದೆ ಒಬ್ಬಳು ಏನು ತಾನೇ ಹೇಳಿಯಾಳು? ಅದಕ್ಕೆ ಜಗಳ ಅಂತ ಹೆಸರಿಟ್ಟಿದ್ದೇ ನನ್ನ ತಪ್ಪು. ಅಂಥ ಕಡೆ ದೊಡ್ಡವರು ನಡುವೆ ನಿಲ್ಲಲೇಬೇಕು. ಮೂವರನ್ನೂ ಬೇರೆ ಬೇರೆ ಕರೆದು ಮಾತಾಡಿದೆ, ಮನೆಯವರನ್ನೂ ಕರೆಸಿದೆ. ಕಾಟ ನಿಂತಿತು. ಅವಳು ನನ್ನ ಹತ್ತಿರ ಮತ್ತೆ ಮಾತಾಡೋಕೆ ಮಾತ್ರ ಅದಕ್ಕಿಂತ ಜಾಸ್ತಿ ದಿನ ಹಿಡಿಯಿತು.

ಮೊನ್ನೆ ಊಟದ ಬಿಡುವಿನಲ್ಲಿ ಇಬ್ಬರು ಹುಡುಗಿಯರು ಮುಖ ಊದಿಸಿಕೊಂಡು ಬಂದು ಡಸ್ಟರ್ ಕೇಳಿದರು. ನಾನೂ ಎದ್ದೆ. "ನೀವು ಬೇಡ ಮಿಸ್" ಅಂದರು. ಬೆಲ್ ಹೊಡೆದಾಗ ವಾಪಸ್ ತಂದುಕೊಟ್ಟರು, ಲಂಗದ ತುಂಬಾ ಸೀಮೆಸುಣ್ಣದ ಪುಡಿ. ಮುಗೀತಾ ಅಂದೆ.

"ಇಲ್ಲ ಮಿಸ್, ಉಳಿದದ್ದು ನಾಳೆ."