ಸೀನಿಯರ್ ಓಪನ್ ನೋಡುವುದು ಹೇಗೆ: ಬಾಲ್ ನೆಲಕ್ಕೆ ಬಿದ್ದ ಮೇಲೆ ಕಣ್ಣಿಡಿ

ಜುಲೈ ಕೊನೆ ಅಂದರೆ ನಮ್ಮ ಕಾಸರಗೋಡಿನಲ್ಲಿ ಆಟಿಯ ಮಳೆ. ಸಂಜೆಯಾದ ಮೇಲೆ ಮನೆಯಿಂದ ಹೊರಗೆ ಕಾಲಿಡಲು ಮನಸ್ಸೇ ಬರುವುದಿಲ್ಲ. ಸೀನಿಯರ್ ಓಪನ್ ಗಾಲ್ಫ್ ನಡೆಯುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ಐವತ್ತು ದಾಟಿದವರ ದೊಡ್ಡ ಚಾಂಪಿಯನ್‌ಶಿಪ್ ಇದು. 1987ರಲ್ಲಿ ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿ ಶುರುವಾಯಿತು. ಗುರುವಾರದಿಂದ ಭಾನುವಾರದವರೆಗೆ ಆಟ, ದಿನಕ್ಕೆ 18 ಹೋಲ್, ಅಂದರೆ ಬಾಲನ್ನು ಹೊಡೆದು ಹಾಕಬೇಕಾದ 18 ಗುಂಡಿ.

ಆಟ ನಡೆಯುವ ಬ್ರಿಟನ್ನಿನ ಗಡಿಯಾರ ಆಗ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯಾಹ್ನ 2 ಗಂಟೆ ಅಂದರೆ ಇಲ್ಲಿ ಸಂಜೆ 6:30. ಕೊನೆಯ ದಿನ ಮುಂದಿರುವವರು ಎಲ್ಲರಿಗಿಂತ ಕೊನೆಗೆ ಹೊರಡುತ್ತಾರೆ. ಅಂದರೆ ನಿಜವಾದ ಆಟ ನಮಗೆ ಸಿಗುವುದು ದೀಪ ಹಚ್ಚಿದ ಮೇಲೆ. ನಾಲ್ಕು ದಿನವೂ ನೋಡಲು ಆಗದವರು ಭಾನುವಾರದ ರಾತ್ರಿಯನ್ನಾದರೂ ಬಿಡಬೇಡಿ.

ನಾನು ದುಬೈಯ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದವ. ಹಾಗಾಗಿ ಟಿವಿಯಲ್ಲಿ ಗಾಲ್ಫ್ ಬಂದರೂ ನನ್ನ ಕಣ್ಣು ಮೊದಲು ಹೋಗುವುದು ನೆಲಕ್ಕೆ. ನೀವೂ ಅಲ್ಲಿಂದಲೇ ಶುರು ಮಾಡಿ ಅಂತ ನನ್ನ ಸಲಹೆ.

ಮೊದಲು ಈ ಸಲ ಯಾವ ಕೋರ್ಸ್ ಎಂದು ನೋಡಿಕೊಳ್ಳಿ. ಕಾರ್ನೂಸ್ಟಿ, ಸೇಂಟ್ ಆಂಡ್ರ್ಯೂಸ್, ರಾಯಲ್ ಪೋರ್ತ್‌ಕಾಲ್ ಎಂದಿದ್ದರೆ ಅದು ಲಿಂಕ್ಸ್. 2021 ಮತ್ತು 2025ರಲ್ಲಿ ಆಡಿದ ಸನಿಂಗ್‌ಡೇಲ್ ಲಿಂಕ್ಸ್ ಅಲ್ಲ, ಅದು ಸಮುದ್ರದಿಂದ ದೂರ, ಮರಗಳ ನಡುವೆ. ಅಲ್ಲಿಯೂ ಒಳ್ಳೆಯ ಆಟ ನಡೆಯುತ್ತದೆ, ಆದರೆ ನಾನು ಕಾಯುವುದು ಲಿಂಕ್ಸ್‌ಗೆ.

ಲಿಂಕ್ಸ್ ಅಂದರೆ ಎಂತ? ಕುಂಬಳೆ ಕಡೆ ಕಡಲ ತೀರಕ್ಕೂ ತೆಂಗಿನ ತೋಟಕ್ಕೂ ನಡುವೆ ಒಂದು ಪಟ್ಟಿ ಮರಳು ಜಾಗ ಉಂಟಲ್ಲ, ಏನೂ ಬೆಳೆಯದೆ ದನ ಮೇಯಲು ಬಿಡುವಂಥದ್ದು, ಹೆಚ್ಚುಕಮ್ಮಿ ಅಂಥ ಜಾಗ. ಕೆಳಗೆ ಮರಳು, ಮೇಲೆ ಫೆಸ್ಕ್ಯೂ ಎಂಬ ತೆಳ್ಳಗಿನ ಹುಲ್ಲು. ನೀರು ಬೇಗ ಇಳಿದು ಹೋಗುವುದರಿಂದ ನೆಲ ಗಟ್ಟಿ. ಏರುತಗ್ಗುಗಳನ್ನು ಹೆಚ್ಚಾಗಿ ಗಾಳಿಯೇ ಮಾಡಿಟ್ಟದ್ದು. ದುಬೈಯಲ್ಲಿ ನಾವು ರಾತ್ರಿಯಿಡೀ ನೀರು ಹಾರಿಸಿ ಗ್ರೀನ್ (ಗುಂಡಿ, ಅದರ ಬಾವುಟ ಇರುವ ಸಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ) ಮೆತ್ತಗೆ ಇಡುತ್ತಿದ್ದೆವು. ಬಾಲ್ ಬಂದು ಬಿದ್ದಲ್ಲೇ ನಿಲ್ಲುತ್ತಿತ್ತು. ಲಿಂಕ್ಸ್‌ನಲ್ಲಿ ಬಿದ್ದ ಬಾಲ್ ಓಡುತ್ತದೆ. ಎಷ್ಟು ಓಡುತ್ತದೆ, ಯಾವ ಕಡೆ ತಿರುಗುತ್ತದೆ ಎಂದು ಲೆಕ್ಕ ಹಾಕಿಯೇ ಹೊಡೆಯಬೇಕು.

ನನ್ನ ಅಳಿಯ ಕ್ರಿಕೆಟ್ ನೋಡಿ ಬೆಳೆದವ. ಬಾಲ್ ಗಾಳಿಯಲ್ಲಿ ಇರುವಷ್ಟು ಹೊತ್ತು ಬಾಯಿ ಬಿಟ್ಟು ನೋಡುತ್ತಾನೆ, ಬಿದ್ದ ಕೂಡಲೇ ಮೊಬೈಲ್ ತೆಗೆಯುತ್ತಾನೆ. ಒಮ್ಮೆ ಕೇಳಿದ, “ಮಾವಾ, ಗ್ರೀನಿಗಿಂತ ಇಷ್ಟು ಹಿಂದೆ ಬಿತ್ತಲ್ಲ, ಹೊಡೆತ ಹಾಳಾಯ್ತಾ?” “ಸ್ವಲ್ಪ ತಡಿ ಮಾರಾಯ” ಎಂದೆ. ಬಾಲ್ ಒಂದು ದಿಬ್ಬಕ್ಕೆ ಎಡಗಡೆಯಿಂದ ಹತ್ತಿ, ನಿಧಾನ ಬಲಕ್ಕೆ ಇಳಿದು, ಬಾವುಟದ ಹತ್ತಿರ ಹೋಗಿ ನಿಂತಿತು. ಆಮೇಲೆ ಅವನು ಮೊಬೈಲ್ ಬದಿಗಿಟ್ಟ.

ಈ ನೆಲ ಎಷ್ಟು ಕಠಿಣ ಎಂದು ತಿಳಿಯಬೇಕಾದರೆ ಟಾಮ್ ವಾಟ್ಸನ್ ಕಥೆ ಸಾಕು. ಸೀನಿಯರ್ ಓಪನ್ ಅನ್ನು 2003, 2005, 2007ರಲ್ಲಿ ಗೆದ್ದವರು. 2003ರದ್ದು ಟರ್ನ್‌ಬೆರಿಯಲ್ಲಿ. ಅದೇ ಟರ್ನ್‌ಬೆರಿಯಲ್ಲಿ 2009ರಲ್ಲಿ, 59ನೇ ವಯಸ್ಸಿನಲ್ಲಿ, ಹುಡುಗರ ಜೊತೆ ದೊಡ್ಡ ಓಪನ್ (ಐವತ್ತರ ಮಿತಿ ಇಲ್ಲದ್ದು) ಆಡಿದರು. ಕೊನೆಯ ಹೋಲಿನಲ್ಲಿ ಪಾರ್ (ಆ ಹೋಲಿಗೆ ನಿಗದಿಯಾದಷ್ಟೇ ಹೊಡೆತ) ಮಾಡಿದ್ದರೆ ಗೆದ್ದೇಬಿಡುತ್ತಿದ್ದರು. 8 ಐರನ್ ಎಂಬ ಕೋಲಿನಲ್ಲಿ ಚೆನ್ನಾಗಿಯೇ ಹೊಡೆದರು. ಬಾಲ್ ಗ್ರೀನ್ ಮೇಲೆ ಬಿದ್ದು, ಓಡಿ, ಹಿಂದಿನಿಂದ ಹೊರಗೆ ಹೋಯಿತು. ಅಲ್ಲಿ ಒಂದು ಹೊಡೆತ ಹೆಚ್ಚಾಗಿ ಪ್ಲೇಆಫ್‌ಗೆ (ಸಮ ಆದವರ ನಡುವಿನ ಹೆಚ್ಚುವರಿ ಆಟ) ಹೋಗಬೇಕಾಯಿತು, ಸ್ಟೂವರ್ಟ್ ಸಿಂಕ್ ಗೆದ್ದರು. ನನಗೆ ಈಗಲೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ನೆಲದ ನಂತರ ಗಾಳಿ. ಟಿವಿಯಲ್ಲಿ ಗಾಳಿ ಕಾಣುವುದಿಲ್ಲ ಎನ್ನಬೇಡಿ. ಆಟಗಾರರ ಪ್ಯಾಂಟ್ ನೋಡಿ, ಕಾಲಿಗೆ ಅಂಟಿ ಹಿಂದೆ ಪಟಪಟ ಎನ್ನುತ್ತಿದ್ದರೆ ಜೋರು ಗಾಳಿ. ಹೊಡೆಯುವ ಮೊದಲು ಚಿಟಿಕೆ ಹುಲ್ಲು ಕಿತ್ತು ಮೇಲೆ ಬಿಡುತ್ತಾರೆ, ಅದು ಹೋಗುವ ದಿಕ್ಕು ಗಮನಿಸಿ. ಆಮೇಲೆ ಬಾವುಟ ನೋಡಿ. ಇಲ್ಲಿ ಒಂದು ಕಡೆಗೆ, ಅಲ್ಲಿ ಇನ್ನೊಂದು ಕಡೆಗೆ ಇದ್ದರೆ ಆಟಗಾರ ಕ್ಲಬ್ (ಹೊಡೆಯುವ ಕೋಲು) ಬದಲಿಸುವುದನ್ನು ಕಾಣುತ್ತೀರಿ. ಎದುರುಗಾಳಿಗೆ ಅನುಭವಸ್ಥರು ಬಾಲನ್ನು ತಗ್ಗಿಸಿ ಹೊಡೆಯುತ್ತಾರೆ. ಎತ್ತರಕ್ಕೆ ಎತ್ತಿದವನಿಗೆ ಶಿಕ್ಷೆ ಕೂಡಲೇ ಸಿಗುತ್ತದೆ.

ವೇಲ್ಸ್‌ನ ರಾಯಲ್ ಪೋರ್ತ್‌ಕಾಲ್ ಇದಕ್ಕೆ ಒಳ್ಳೆಯ ಸಾಕ್ಷಿ. 2014ರಲ್ಲಿ ಬರ್ನ್‌ಹಾರ್ಡ್ ಲ್ಯಾಂಗರ್ ಅಲ್ಲಿ ಪಾರ್‌ಗಿಂತ 18 ಕಡಿಮೆ ಹೊಡೆತಗಳಲ್ಲಿ, ಎರಡನೆಯವರಿಗಿಂತ 13 ಹೊಡೆತ ಮುಂದೆ ಗೆದ್ದರು. ಅದೇ ಕೋರ್ಸಿನಲ್ಲಿ 2023ರಲ್ಲಿ ಅಲೆಕ್ಸ್ ಚೇಕಾ ಗೆದ್ದಾಗ ಸ್ಕೋರ್ ಪಾರ್‌ಗಿಂತ 5 ಜಾಸ್ತಿ! ಮಳೆ ಗಾಳಿ ಅಷ್ಟು ಕಾಟ ಕೊಟ್ಟಿತ್ತು. ಅದಕ್ಕೇ ಸ್ಕೋರ್ ಬೋರ್ಡ್ ನೋಡುವಾಗ ಹವಾಮಾನವನ್ನೂ ಸೇರಿಸಿ ನೋಡಬೇಕು. ಮೈನಸ್ ಇದ್ದರೆ ಪಾರ್‌ಗಿಂತ ಕಡಿಮೆ ಹೊಡೆತ, ಅದು ಒಳ್ಳೆಯದು. ಪ್ಲಸ್ ಇದ್ದರೆ ಜಾಸ್ತಿ. ಕೆಟ್ಟ ಹವೆಯ ದಿನ ಬರೀ ಪಾರ್ ಉಳಿಸಿಕೊಂಡವನೂ ಶೂರನೇ. ಶುಕ್ರವಾರ ಸಂಜೆಗೆ ಹಿಂದೆ ಬಿದ್ದವರು ಕಟ್ ಆಗಿ ಮನೆಗೆ ಹೋಗುತ್ತಾರೆ, ಉಳಿದವರು ಶನಿವಾರ, ಭಾನುವಾರ ಆಡುತ್ತಾರೆ.

ಬಂಕರ್, ಅಂದರೆ ಮರಳು ಹೊಂಡದ ಬಗ್ಗೆ ಒಂದು ಮಾತು. ದುಬೈಯಲ್ಲಿ ನಾನು ರೇಕ್ ಮಾಡುತ್ತಿದ್ದ ಬಂಕರುಗಳು ಅಗಲ, ಆಳ ಕಡಿಮೆ. ಲಿಂಕ್ಸ್‌ನವು ಸಣ್ಣ, ಆಳ. ಹುಲ್ಲುಸಮೇತ ಕತ್ತರಿಸಿದ ಮಣ್ಣಿನ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಎದುರಿನ ಗೋಡೆ ಕಟ್ಟಿರುತ್ತಾರೆ. ಬಾಲ್ ಆ ಗೋಡೆಯ ಬುಡದಲ್ಲಿ ಕೂತರೆ ಮುಂದಕ್ಕೆ ಹೊಡೆಯುವ ಹಾಗೇ ಇಲ್ಲ. ದೊಡ್ಡ ಆಟಗಾರರೂ ಪಕ್ಕಕ್ಕೋ ಹಿಂದಕ್ಕೋ ಹೊಡೆದು ಹೊರಬರುತ್ತಾರೆ. ಅದನ್ನು ಹೆದರಿಕೆ ಎಂದುಕೊಳ್ಳಬೇಡಿ. ಒಂದು ಹೊಡೆತ ಕೊಟ್ಟು ಮೂರು ಉಳಿಸಿಕೊಳ್ಳುವುದು ಐವತ್ತು ದಾಟಿದವರಿಗೆ ಚೆನ್ನಾಗಿ ಗೊತ್ತು. ಈ ಚಾಂಪಿಯನ್‌ಶಿಪ್ ನನಗೆ ಇಷ್ಟವಾಗುವುದೂ ಅದಕ್ಕೇ.

ಹೊಸಬರು ಒಬ್ಬರನ್ನು ಹಿಡಿದುಕೊಂಡು ನೋಡಿದರೆ ಸುಲಭ. ಜುಟ್ಟು ಕಟ್ಟಿ, ಸಿಗಾರ್ ಹಿಡಿಯುವ ಸ್ಪೇನಿನ ಮಿಗೆಲ್ ಆಂಗೆಲ್ ಹಿಮೆನೆಜ್ ಕಂಡ ಕೂಡಲೇ ಗುರುತು ಸಿಗುತ್ತಾರೆ. ಸೇಂಟ್ ಆಂಡ್ರ್ಯೂಸ್‌ನಲ್ಲಿ 2018ರಲ್ಲಿ ಗೆದ್ದವರು. 2024ರಲ್ಲಿ ಕಾರ್ನೂಸ್ಟಿಯಲ್ಲಿ ಗೆದ್ದ ಕೆ. ಜೆ. ಚೋಯ್ ದಕ್ಷಿಣ ಕೊರಿಯದವರು, ಹುಡುಗನಾಗಿದ್ದಾಗ ಭಾರ ಎತ್ತುತ್ತಿದ್ದವರು. ಕಾರ್ನೂಸ್ಟಿ ಬಂದರೆ ಕೊನೆಯ ಎರಡು ಹೋಲ್‌ಗಳಲ್ಲಿ ಅಡ್ಡ ಹರಿಯುವ ಬ್ಯಾರಿ ಬರ್ನ್ ತೋಡಿನ ಮೇಲೆ ಕಣ್ಣಿರಲಿ.

ಭಾನುವಾರ 18ನೇ ಹೋಲ್ ಮುಗಿಯಿತು ಎಂದು ಟಿವಿ ಆರಿಸಬೇಡಿ. ಸಮ ಆದರೆ ಪ್ಲೇಆಫ್ ಇದೆ. 2023ರಲ್ಲಿ ಪಾಡ್ರಿಗ್ ಹ್ಯಾರಿಂಗ್ಟನ್ ಮತ್ತು ಚೇಕಾ ಸಮ ಆಗಿ, ಪ್ಲೇಆಫ್‌ನ ಎರಡನೇ ಹೋಲಿನಲ್ಲಿ ತೀರ್ಮಾನವಾಯಿತು. ಆಟಿಯ ಗಾಳಿಗೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಸಂಜೆಯೇ ಮೊಬೈಲ್ ಫುಲ್ ಚಾರ್ಜ್ ಮಾಡಿ, ಸ್ಕೋರ್ ಪುಟ ತೆರೆದಿಟ್ಟುಕೊಂಡು ಕೂತುಕೊಳ್ಳಿ.