ಟ್ಯೂಬ್ ಟಿವಿ, 50 ಹರ್ಟ್ಸ್, ಕ್ಯಾಸೆಟ್ ಗೇಮ್: ಆ ಹಳೇ ಚಿತ್ರ ಮತ್ತೆ ಬಂದ ಬಗೆ

ಎಮ್ಯುಲೇಟರ್ (ಹಳೆಯ ಗೇಮ್ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ) ಮೇಲೊಂದು ಟ್ಯೂಬ್ ಟಿವಿಯ ಗೆರೆಗಳನ್ನು ನಕಲಿಸುವ ಸ್ಕ್ಯಾನ್‌ಲೈನ್ ಫಿಲ್ಟರ್ ಹಾಕಿದರೆ ಆಯ್ತಲ್ಲ, ಗುಜರಿ ಟಿವಿ ಯಾಕೆ ಹೊತ್ತು ತರ್ತೀರಿ ಎಂದವರೇ ಹೆಚ್ಚು. ಆ ಫಿಲ್ಟರ್‌ಗಳನ್ನೆಲ್ಲ ಹಾಕಿ ನೋಡಿಯಾಗಿತ್ತು. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಲ್ಲಿ ಕಂಡ ಚಿತ್ರ ಅವುಗಳಲ್ಲಿ ಬರಲಿಲ್ಲ. ಈಗ, ಗುಜರಿಯ ಟ್ಯೂಬ್ ಟಿವಿಗೆ ಆ ಕಾಲದ ಕ್ಯಾಸೆಟ್ ಗೇಮ್ ಯಂತ್ರ ಜೋಡಿಸಿದ ಮೇಲೆ, ಬಂದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಯಾರೂ ವಾದಕ್ಕೆ ನಿಂತಿಲ್ಲ.

ಅರ್ಧ ಗುಟ್ಟು 50 ಹರ್ಟ್ಸ್‌ನಲ್ಲಿದೆ, ಅಂದರೆ ಸೆಕೆಂಡಿಗೆ 50 ಸಲ ಚಿತ್ರ ಬರೆಯುವುದರಲ್ಲಿ. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಂ 60 ಹರ್ಟ್ಸ್ ಗೇಮ್ ಯಂತ್ರ. ಪಾಲ್ (ನಮ್ಮಲ್ಲಿದ್ದ 50 ಹರ್ಟ್ಸ್ ಪದ್ಧತಿ) ಟಿವಿಗೆಂದು ಮಾಡಿದ ನಕಲುಗಳಲ್ಲಿ, ಅಂದರೆ ನಮ್ಮ ಕ್ಯಾಸೆಟ್ ಯಂತ್ರಗಳಲ್ಲಿ, ಯುಎ6527ಪಿ, ಯುಎ6538 ಎಂಬ ಜೋಡಿ ಚಿಪ್, 26.6 ಮೆಗಾಹರ್ಟ್ಸ್ ಕ್ರಿಸ್ಟಲ್. ಸಿಪಿಯು 1.77 ಮೆಗಾಹರ್ಟ್ಸ್, ಮೂಲದ್ದು 1.79. ಹಾಗಾಗಿ ಶ್ರುತಿ ಹೆಚ್ಚುಕಡಿಮೆ ಅದೇ, ಲಯ ಮಾತ್ರ ಆರರಲ್ಲೊಂದು ಪಾಲು ನಿಧಾನ. ಇಂದು ಎಮ್ಯುಲೇಟರ್‌ನಲ್ಲಿ ಆಡುವಾಗ ಹಾಡು ಅವಸರದಲ್ಲಿದೆ ಅನ್ನಿಸುವುದು ಇದಕ್ಕೇ. ಚಿತ್ರವೂ ಬೇರೆ. 312 ಗೆರೆಗಳಲ್ಲಿ ಆಟ ಬಿಡಿಸುವುದು 240 ಮಾತ್ರ, ಮೇಲೆ ಕೆಳಗೆ ಕಪ್ಪು ಪಟ್ಟಿ, ಪಿಕ್ಸೆಲ್‌ನ ಅಗಲ ಎತ್ತರದ ಸುಮಾರು 1.4 ಪಟ್ಟು. ಇಟ್ಟಿಗೆ ಅಡ್ಡಡ್ಡ, ಆಳು ಗಿಡ್ಡ. ನಮ್ಮ ನೆನಪಿನಲ್ಲಿರುವುದು ಆ ಗಿಡ್ಡ ಆಳೇ, ಅದಕ್ಕೇ ಟಿವಿಯ ಹೈಟ್ ಕಂಟ್ರೋಲ್ ಮುಟ್ಟುವುದಿಲ್ಲ. ಎಮ್ಯುಲೇಟರ್ ಬಳಸುವವರು ಮೆಸೆನ್, ಎಫ್‌ಸಿಇಯುಎಕ್ಸ್ ಎರಡರಲ್ಲೂ ಇರುವ ಡೆಂಡಿ (ಇಂಥ 50 ಹರ್ಟ್ಸ್ ನಕಲು ಯಂತ್ರದ ಹೆಸರು) ಆಯ್ಕೆಗೆ ಬದಲಿಸಿ.

ಯಂತ್ರದ ಬೋರ್ಡ್ ಆರಿಸುವಾಗ ನಲವತ್ತು ಕಾಲಿನ ಎರಡು ಚಿಪ್ ಇರುವುದನ್ನೇ ಹುಡುಕಿ. ಚಿಪ್ಪನ್ನು ಕಪ್ಪು ಎಪಾಕ್ಸಿ ಬೊಟ್ಟಿನಡಿ ಮುಚ್ಚಿದ ಬೋರ್ಡ್ ಕೆಟ್ಟರೆ ರಿಪೇರಿಯಿಲ್ಲ. ಹಳೆಯ 9 ವೋಲ್ಟ್ ಅಡಾಪ್ಟರ್ ಲೋಡ್ ಇಲ್ಲದಾಗ ಅದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತದೆ, ಅದನ್ನು 5 ವೋಲ್ಟಿಗೆ ಇಳಿಸುವ 7805 ಚಿಪ್ ಕಾದು ಕೆಂಡವಾಗುತ್ತದೆ. ರೆಗ್ಯುಲೇಟೆಡ್ ಅಡಾಪ್ಟರ್ ಹಾಕಿ. ಅದಕ್ಕೂ ಮೊದಲು ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ನೋಡಿ, ಬೋರ್ಡಿಗೊಂದು ರೀತಿ.

ಆಂಟೆನಾ ಸಾಕೆಟ್ಟಿಗೆ ಸಿಗ್ನಲ್ ಕೊಡುವ ಆರ್‌ಎಫ್ ಡಬ್ಬಿ ಕಿತ್ತು ನೇರ ಎವಿ (ಆಡಿಯೋ-ವಿಡಿಯೋ) ತೆಗೆಯುವುದು ಎಲ್ಲರಿಗೂ ಗೊತ್ತು. ತೊಂದರೆ ಬರುವುದು ಆಮೇಲೆ: ಪರದೆ ತುಂಬ ಕಿಟಕಿ ಸರಳಿನಂತೆ ಉದ್ದುದ್ದ ಗೆರೆ. ಬೋರ್ಡಿನಲ್ಲಿ ವಿಡಿಯೋ ಹಾದಿಯ ಪಕ್ಕದಲ್ಲೇ ಡೇಟಾ ಲೈನ್ ಓಡುತ್ತವೆ, ಅದರ ಸದ್ದು ಇದು. ಕೆಪಾಸಿಟರ್ ಎಷ್ಟು ಬದಲಿಸಿದರೂ ಹೋಗಲಿಲ್ಲ, ದುಡ್ಡು ದಂಡ. ಹೋದದ್ದು ಚಿತ್ರದ ಚಿಪ್ಪಿನ (ಯುಎ6538) 21ನೇ ಕಾಲನ್ನು ಬೋರ್ಡಿನಿಂದ ಎತ್ತಿ, ಗಿಡ್ಡ ವೈರಿನಲ್ಲಿ ನೇರ ಎ1015 ಟ್ರಾನ್ಸಿಸ್ಟರಿನ ಬೇಸ್‌ಗೆ ಕೊಟ್ಟಾಗ. ಕಲೆಕ್ಟರ್ ಗ್ರೌಂಡ್‌ಗೆ, ಎಮಿಟರ್‌ನಿಂದ 220 ಮೈಕ್ರೋಫ್ಯಾರಡ್, 75 ಓಮ್ ದಾಟಿ ಜ್ಯಾಕ್‌ಗೆ. ಚಿಪ್ಪಿನ 5 ವೋಲ್ಟ್ ಕಾಲಿನ ಬುಡದಲ್ಲೇ 0.1 ಮೈಕ್ರೋಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್ ಒಂದು. ಎಮಿಟರ್‌ನಿಂದ 5 ವೋಲ್ಟಿಗೆ ಹೋಗುವ ರೆಸಿಸ್ಟರ್ ಬೆಲೆಯನ್ನು ನಾನು ಇಲ್ಲಿ ಕೊಡುವುದಿಲ್ಲ. ಬಿಳಿ ಸುಡದೆ, ಕೆಂಪು ಹರಡದೆ ನಿಲ್ಲುವ ಜಾಗ ಸಿಗಲು ಪ್ರಿಸೆಟ್ (ತಿರುಗಿಸಿ ಬೆಲೆ ಬದಲಿಸುವ ರೆಸಿಸ್ಟರ್) ಇಟ್ಟು ತಿರುಗಿಸಿ, ಸಿಗುತ್ತದೆ.

ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೇರೆಬೇರೆ ತಂತಿಯಲ್ಲಿ) ಮಾಡು ಎಂದವರೂ ಇದ್ದಾರೆ. ಬೇಡ. ಒಂದು ಪರದೆಗೆ 25 ಬಣ್ಣದಲ್ಲಿ ಚಿತ್ರ ಬರೆದವರು ಇಡೀ ಚಿತ್ರ ಒಂದೇ ತಂತಿಯಲ್ಲಿ ಬರುವ ಕಾಂಪೊಸಿಟ್‌ನಲ್ಲಿ ಅಂಚು ಕರಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬರೆದರು. ಸೆಗಾದ ಮೆಗಾ ಡ್ರೈವ್ ಯಂತ್ರದ ಸೋನಿಕ್ ಆಟದಲ್ಲಿ (1991) ಜಲಪಾತ ಬರೀ ಪಟ್ಟೆಪಟ್ಟೆ. ಕಾಂಪೊಸಿಟ್ ಕೇಬಲ್‌ನಲ್ಲಿ ಪಟ್ಟೆ ಬೆರೆತು ಹಿಂದಿನ ಬಂಡೆ ಕಾಣುವ ನೀರಾಗುತ್ತದೆ. ಚೊಕ್ಕ ಮಾಡಿದರೆ ಆ ನೀರೇ ಇಲ್ಲ.

ಎಲ್‌ಸಿಡಿ ಸೋಲುವುದು ಇನ್ನೊಂದು ಕಡೆ. 240 ಗೆರೆಯ ಸಿಗ್ನಲ್ಲನ್ನು ಬಹಳ ಸೆಟ್‌ಗಳು ಇಂಟರ್‌ಲೇಸ್ (ಬೆಸ ಗೆರೆ, ಸಮ ಗೆರೆ ಸರದಿಯಲ್ಲಿ ಬರುವ ಚಿತ್ರ) ಎಂದು ತಿಳಿದು ಎರಡು ಫೀಲ್ಡ್ (ಅರ್ಧ ಚಿತ್ರ) ಹೊಲಿಯುತ್ತವೆ. ಪೆಟ್ಟು ತಿಂದು ಮಿನುಗುವ ಆಳು ಬಾಚಣಿಗೆ ಹಲ್ಲಿನಂತೆ ಸೀಳುತ್ತಾನೆ, ಇಲ್ಲವೇ ಮಾಯ.

ಟಿವಿ: 14 ಅಥವಾ 21 ಇಂಚು, ಉಬ್ಬು ಗಾಜು. 100 ಹರ್ಟ್ಸ್ ಫ್ಲ್ಯಾಟ್ ಸೆಟ್ ಪುಕ್ಕಟೆ ಕೊಟ್ಟರೂ ಬೇಡ. ಗುಜರಿಯಲ್ಲಿ ಪ್ಲಗ್ ಹಾಕಿಸಿ ನೋಡಿ. ಚಿತ್ರ ನಿಧಾನಕ್ಕೆ ಮೂಡಿ ಬಿಳಿ ಬಳಿದಂತಾದರೆ ಟ್ಯೂಬ್ ಮುಗಿದಿದೆ. ಮೇಲ್ಭಾಗ ಮಡಚಿದ್ದರೆ ಹೆದರಬೇಡಿ, ವರ್ಟಿಕಲ್ ಸೆಕ್ಷನ್ನಿನ ಒಣಗಿದ ಕೆಪಾಸಿಟರ್, 105 ಡಿಗ್ರಿಯದು ಹಾಕಿದರೆ ಸರಿಹೋಗುತ್ತದೆ. ಟ್ಯೂಬಿನ ಆನೋಡ್‌ನಲ್ಲಿ ಉಳಿದಿರುವ ಹೈ ವೋಲ್ಟೇಜ್ ಡಿಸ್ಚಾರ್ಜ್ ಮಾಡದೆ ಒಳಗೆ ಕೈ ಇಡಬೇಡಿ. ಎಲ್‌ಓಟಿಯ (ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಸ್ಕ್ರೀನ್ ತಿರುಪನ್ನು ಓರೆ ಗೆರೆ ಮಾಯವಾಗುವವರೆಗೆ ಇಳಿಸಿ, ಆಮೇಲೆ ಫೋಕಸ್. ಖರ್ಚು ನೆನಪಿನಿಂದ: ಟಿವಿ ನಾನೂರು ಐನೂರು, ಬಿಡಿಭಾಗ ಇನ್ನೂರರೊಳಗೆ, ಆಟೋ ಬಾಡಿಗೆ ಟಿವಿಯಷ್ಟೇ.

ಕ್ಯಾಸೆಟ್ ಸಿಗದವರಿಗಾಗಿ ರಾಸ್ಪ್‌ಬೆರಿ ಪೈ 3 (ಅಂಗೈಯಗಲದ ಕಂಪ್ಯೂಟರ್) ಕೂಡ ಪ್ರಯೋಗಿಸಿದೆ. ಎಚ್‌ಡಿಎಂಐನಿಂದ ಎವಿ ಮಾಡುವ ಅಗ್ಗದ ಡಬ್ಬಿ ಇಂಟರ್‌ಲೇಸ್ ಮಾಡಿ ಗೆರೆಗಳ ನಡುವಿನ ಕತ್ತಲನ್ನೇ ನುಂಗುತ್ತದೆ, ಆ ದುಡ್ಡೂ ಹೋಯಿತು. ಪೈಯ 3.5 ಮಿಮೀ ಜ್ಯಾಕ್‌ನಿಂದಲೇ ತೆಗೆಯಿರಿ, ಕಾನ್ಫಿಗ್ ಫೈಲಿನಲ್ಲಿ ಎಸ್‌ಡಿಟಿವಿ ಮೋಡ್ 18 ಕೊಟ್ಟರೆ ಪ್ರೋಗ್ರೆಸಿವ್ (ಇಂಟರ್‌ಲೇಸ್ ಇಲ್ಲದ) ಪಾಲ್. ಪ್ಲಗ್ಗಿನ ಬುಡದ ಉಂಗುರ ವಿಡಿಯೋ, ಅದರ ಮೇಲಿನದು ಗ್ರೌಂಡ್. ಹಳೆಯ ಕ್ಯಾಮ್‌ಕಾರ್ಡರ್ ಕೇಬಲ್ಲುಗಳಲ್ಲಿ ಇದು ಅದಲುಬದಲು ಇರುವುದುಂಟು, ಮೀಟರ್ ಹಿಡಿದು ನೋಡಿ.

ಬಾತುಕೋಳಿ ಹೊಡೆಯುವ ಗನ್ ಮಾತ್ರ ಪೈಯಲ್ಲಿ ಆಗದು, ಅದಕ್ಕೆ ಕ್ಯಾಸೆಟ್ ಯಂತ್ರವೇ ಬೇಕು. ಟ್ರಿಗರ್ ಒತ್ತಿದಾಗ ಪರದೆ ಕ್ಷಣ ಕಪ್ಪಾಗಿ ಗುರಿಯ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಗನ್ ಕಾಣುವುದು ಅದನ್ನು. ಗುರಿ ತಪ್ಪುತ್ತಿದ್ದರೆ ಬ್ರೈಟ್‌ನೆಸ್ ಏರಿಸಿ, ಗನ್ ಬಿಚ್ಚಿ ಲೆನ್ಸ್ ಒರೆಸಿ, ಕೋಣೆಯ ಟ್ಯೂಬ್‌ಲೈಟ್ ಆರಿಸಿ.