ಬೆಂಕಿ ರೇಖೆ ಹೊಗೆ ಅಳೆದಿದ್ದು: ಮೂರನೇ ಸೀಸನ್‌ಗೆ ಕೊನೆಗೂ ಕೈಗೆ ಸಿಕ್ತು

ಕಾಡ್ಗಿಚ್ಚು ಹಬ್ಬದಿರ್ಲಿ ಅಂತ ಬೇಸಿಗೆಗೆ ಮುಂಚೆನೇ ಕಾಡಲ್ಲಿ ಒಂದು ಪಟ್ಟಿ ಸುಟ್ಟು ಬಿಡ್ತಾರೆ, ಅದೇ ಬೆಂಕಿ ರೇಖೆ, ಫೈರ್ ಲೈನ್. ಅದನ್ನ ಸುಡೋವಾಗಿನ ಹೊಗೆನ ಪಿಎಂಎಸ್ 5003 ಅನ್ನೋ, ಗಾಳೀಲಿರೋ ಸಣ್ಣ ಕಣ (ಪಿಎಂ 2.5) ಅಳೆಯೋ ಸೆನ್ಸರ್‌ನಲ್ಲಿ ಅಳೀತೀನಿ ಅಂದಾಗ ಒಬ್ರೂ ನಂಬ್ಲಿಲ್ಲ. ಹಳ್ಳೀಲಿ ಒಲೆ ಹೊಗೆ, ಹಂಡೆ ಹೊಗೆ, ಕಸ ಸುಡೋ ಹೊಗೆ, ಮೇಲಿಂದ ಇಬ್ಬನಿ, ಇಷ್ಟರಲ್ಲಿ ಕಾಡಿಂದು ಯಾವ್ದು ಅಂತ ಹೆಂಗೆ ಬೇರೆ ಮಾಡ್ತೀಯ ಅಂತ ಎಲ್ರದ್ದೂ ಅದೇ ಪ್ರಶ್ನೆ. ಪ್ರಶ್ನೆ ಸರಿನೇ ಇತ್ತು, ಎರಡು ಸೀಸನ್ ನನ್ನ ಹತ್ರ ಉತ್ತರ ಇರ್ಲಿಲ್ಲ. ಈ ಸಲ ಇದೆ, ಅದಕ್ಕೇ ಬರೀತಿದೀನಿ.

ಜಾಗ ಬಂಡೀಪುರದ ಅಂಚು, ಗೋಪಾಲಸ್ವಾಮಿ ಬೆಟ್ಟದ ಕೆಳಗಿನ ಹಳ್ಳಿಗಳು. 2019ರ ಫೆಬ್ರವರಿ ಕಾಡ್ಗಿಚ್ಚು ನೋಡಿದೋರಿಗೆ ಬೆಂಕಿ ರೇಖೆ ಯಾಕೆ ಬೇಕು ಅಂತ ಹೇಳ್ಬೇಕಾಗಿಲ್ಲ. ನಾನು ಸುಡೋದ್ರ ವಿರೋಧಿ ಅಲ್ಲ, ಸುಟ್ಟ ರಾತ್ರಿ ಕೆಳಗಿನ ಮನೆಯವರ ಎದೆಗೆ ಎಷ್ಟು ಹೋಗುತ್ತೆ ಅನ್ನೋದು ಯಾರಾದ್ರೂ ಅಳೀಬೇಕಲ್ಲ ಅಷ್ಟೇ.

ಮೊದಲ ಸೀಸನ್ ಪೂರ್ತಿ ದಂಡ. ಬೆಂಕಿಗೆ ಹತ್ತಿರ ಇದ್ರೆ ಚೆನ್ನಾಗಿ ಸಿಗುತ್ತೆ ಅಂದ್ಕೊಂಡು ಕಾಡಂಚಿನ ಹೊಲಗಳಲ್ಲಿ ನಾಲ್ಕು ಕಂಬ ನೆಟ್ಟೆ. ಎರಡನ್ನ ಆನೆ ಕಿತ್ತಾಕ್ತು, ಒಂದರ ಫ್ಯಾನ್ ಒಳಗೆ ಜೇಡ ಬಲೆ ಕಟ್ತು, ಉಳಿದಿದ್ದರ ಮೆಮೊರಿ ಕಾರ್ಡ್ ಕೈಕೊಡ್ತು. ಒಂದು ಬಾಕ್ಸ್‌ಗೆ ಸೆನ್ಸರ್, ಇಎಸ್‌ಪಿ 32 ಅನ್ನೋ ಕಂಟ್ರೋಲರ್ ಬೋರ್ಡ್, ಸಣ್ಣ ಸೋಲಾರ್ ಪ್ಯಾನೆಲ್, ಬ್ಯಾಟರಿ, ಡಬ್ಬಿ ಎಲ್ಲಾ ಸೇರಿ ಆರು ಸಾವಿರದ ಹತ್ರ ಬಿದ್ದಿತ್ತು, ಸ್ವಂತ ದುಡ್ಡು. ಸಿಕ್ಕಿದ ಚೂರುಪಾರು ಡೇಟಾದಲ್ಲೂ ಬೆಳಿಗ್ಗೆ ಆರಕ್ಕೆ ಒಂದು ಘನ ಮೀಟರ್ ಗಾಳಿಗೆ 250 ಮೈಕ್ರೋಗ್ರಾಂ (ಮುಂದಿನ ಅಂಕಿಗಳೂ ಇದೇ ಲೆಕ್ಕ) ನೋಡಿ ಕುಣಿದಾಡಿದೆ, ಆಮೇಲೆ ನೋಡಿದ್ರೆ ಅವತ್ತು ಎಲ್ಲೂ ಸುಟ್ಟೇ ಇಲ್ಲ, ಬರೀ ಮಂಜು, ಅದರ ಹನಿನೂ ಸೆನ್ಸರ್ ಹೊಗೆ ಅಂತಾನೇ ಎಣಿಸುತ್ತೆ.

ಎರಡನೇ ಸೀಸನ್‌ಗೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ, ಇದೇ ಥರ ಸೆನ್ಸರ್ ಇರೋ ಪರ್ಪಲ್‌ಏರ್ ಯಂತ್ರಗಳಿಗೆ ಕೊಟ್ಟಿರೋ ತಿದ್ದುಪಡಿ ಹಾಕ್ದೆ, ರೀಡಿಂಗ್‌ನ 0.524ರಿಂದ ಗುಣಿಸಿ, ತೇವಾಂಶದ 0.0862 ಪಟ್ಟು ಕಳೆದು, 5.75 ಕೂಡಿಸೋದು. ಹಗಲು ಪರವಾಗಿಲ್ಲ, ಮಂಜು ಬಿದ್ದ ರಾತ್ರಿ ನಮ್ಮ ಕಡೆ ಅದು ಸಾಲ್ತಿರ್ಲಿಲ್ಲ. ಜೊತೆಗೆ ಸಂಕ್ರಾಂತಿ ದಿನ ದನಗಳಿಗೆ ಕಿಚ್ಚು ಹಾಯಿಸಿದ್ದು ಇಪ್ಪತ್ತು ನಿಮಿಷ 400 ದಾಟ್ತು. ಅರಿಶಿನ ಬೇಯಿಸೋ ಒಲೆಗಳಂತೂ ಜನವರಿ ಕೊನೆಯಿಂದ ದಿನಾ ಹತ್ತತಾವೆ. ಉಪಗ್ರಹದಲ್ಲಿ ನೋಡ್ಕೋ ಅಂದ್ರು ಕೆಲವರು. ಬೆಂಕಿ ಗುರುತಿಸೋ ಉಪಗ್ರಹ ಸೆನ್ಸರ್ ವಿಐಐಆರ್‌ಎಸ್ ನಮ್ಮ ಮೇಲೆ ಹಾದುಹೋಗೋದು ಮಧ್ಯಾಹ್ನ ಒಂದೂವರೆ ಆಸುಪಾಸು, ರಾತ್ರಿ ಒಂದೂವರೆ ಆಸುಪಾಸು. ಸಂಜೆ ಐದಕ್ಕೆ ಹಚ್ಚಿ ಏಳಕ್ಕೆ ಮುಗಿಸೋ ಸಣ್ಣ ರೇಖೆ ಅದಕ್ಕೆಲ್ಲಿ ಕಾಣುತ್ತೆ? ನಾನು ರೇಖೆ ಸುಡೋ ಅರಣ್ಯ ವಾಚರ್‌ಗಳ ಹತ್ರ ಫೋನ್‌ನಲ್ಲೇ ಬೆಂಕಿ ಹಚ್ಚಿದ ಟೈಮ್ ಕೇಳಿ ನೋಟ್‌ಬುಕ್‌ನಲ್ಲಿ ಬರ್ಕೊಂಡೆ, ಅದೇ ನನ್ನ ಅತಿ ಬೆಲೆಬಾಳೋ ಡೇಟಾ.

ದಾರಿ ತೋರಿಸಿದ್ದು ಒಬ್ಬರು ಅಜ್ಜಿ. ಬಾಕ್ಸ್ ಬಿಚ್ಕೊಂಡು ಬರೋಕೆ ಹೋಗಿದ್ದೆ, ಜಗಲಿ ಮೇಲೆ ಕೂತ್ಕೊಂಡು, "ಹಗಲೊತ್ತು ಏನ್ ಅಳೀತಿಯಪ್ಪಾ, ಹೊಗೆ ಇಳ್ದು ಬರದು ಸರೊತ್ತಲ್ಲಿ ಕನಾ, ಹಳ್ಳದ ದಾರಿ ಹಿಡ್ಕಂಡು ಬತ್ತದ" ಅಂದ್ರು. ರಾತ್ರಿ ತಣ್ಣನೆ ಗಾಳಿ ಇಳಿಜಾರಲ್ಲಿ ಹರಿಯುತ್ತೆ ಅನ್ನೋದು ನಾವೆಲ್ಲ ಓದಿದ್ದೇ, ಆದ್ರೂ ಬಾಕ್ಸ್‌ಗಳನ್ನ ನಾನು ನೆಟ್ಟಿದ್ದು ದಿಬ್ಬದ ಮೇಲೆ!

ಮೂರನೇ ಸೀಸನ್‌ಗೆ ಎಂಟು ಬಾಕ್ಸ್, ನಾಲ್ಕು ಜೋಡಿ. ಪ್ರತಿ ಜೋಡೀಲಿ ಒಂದು ಸುಡೋ ಬೆಟ್ಟದಿಂದ ಇಳಿಯೋ ಹಳ್ಳದ ಪಕ್ಕದ ಮನೇಲಿ, ಇನ್ನೊಂದು ಅದೇ ಥರ ತಗ್ಗಿರೋ, ಅವತ್ತು ಮೇಲೆ ಏನೂ ಸುಡದಿರೋ ಪಕ್ಕದ ಹಳ್ಳದಲ್ಲಿ. ಇಬ್ಬನಿ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, ಮೊದಲನೇದರಿಂದ ಎರಡನೇದನ್ನ ಕಳೆದ್ರೆ ಹೋಯ್ತು. ಆಮೇಲೆ ಕಾಡಿನ ಹೊಗೆ ಬೇರೆ ಮಾಡೋ ಲೆಕ್ಕಕ್ಕೆ ರಾತ್ರಿ 11ರಿಂದ 4ರವರೆಗಿನ ಡೇಟಾ ಮಾತ್ರ ಇಟ್ಕೊಂಡೆ, ಆ ಹೊತ್ತಲ್ಲಿ ಒಲೆ ಆರಿರುತ್ತೆ, ಹಂಡೆಗೆ ಇನ್ನೂ ಬೆಂಕಿ ಹಾಕಿರಲ್ಲ. ಇಬ್ಬನಿ ಡಬ್ಬಿ ಒಳಗೆ ಇಳೀದಂಗೆ ಗಾಳಿ ಬಾಯಿ ಹತ್ರ ಒಂದು ಉಪಾಯ ಮಾಡಿದೀನಿ, ಅದನ್ನ ಸದ್ಯಕ್ಕೆ ಹೇಳಲ್ಲ, ಇನ್ನೊಂದು ವರ್ಷ ನನ್ನ ಹತ್ರಾನೇ ಇರ್ಲಿ.

ಸುಟ್ಟ ಹದಿನಾಲ್ಕು ರಾತ್ರಿಲಿ ಹನ್ನೊಂದು ರಾತ್ರಿ ಸ್ಪಷ್ಟವಾಗಿ ಸಿಕ್ತು, ಉಳಿದ ಮೂರು ರಾತ್ರಿ ಗಾಳಿ ಜೋರಿತ್ತು. ಹಗಲು 35-40 ಇರೋ ಜಾಗದಲ್ಲಿ ರಾತ್ರಿ ಎರಡು ಗಂಟೆ ಮೇಲೆ 180-200, ಬಿಸಿಲು ಏರಿದ್ಮೇಲೇ ಇಳಿಯೋದು. ಇವು ತಿದ್ದಿದ ಮೇಲಿನ ಅಂಕಿಗಳು. ನಮ್ಮ ದೇಶದ 24 ಗಂಟೆ ಮಿತಿ 60, ಅಂಥ ಐದಾರು ದಿನ ಹಳ್ಳದ ಮನೆಗಳಲ್ಲಿ ಸರಾಸರಿ 70 ಮೀರ್ತು. ಸೆನ್ಸರ್ ಸುಳ್ಳು ಹೇಳ್ತಿದೆ ಅನ್ನೋರಿಗೋಸ್ಕರ ಗಾಳೀಲಿರೋ ಕಣ ಹಿಡಿಯೋ ಟೆಫ್ಲಾನ್ ಫಿಲ್ಟರ್ ಇಟ್ಟು, ಅದರ ಮೇಲೆ ಕೂತ ಕಣದ ತೂಕನೂ ಹಾಕಿಸ್ದೆ, ಒಂದೊಂದಕ್ಕೂ ಸಾವಿರದ ಮೇಲೆ ಆಯ್ತು, ಹನ್ನೆರಡು ಫಿಲ್ಟರ್. ತಿದ್ದದೇ ಇದ್ದಾಗ ಸೆನ್ಸರ್ 100 ಅಂದ್ರೆ ಫಿಲ್ಟರ್ 55-60 ಅಂತು, ಎಲ್ಲಾ ಸಲ ಹತ್ತಿರ ಹತ್ತಿರ ಅದೇ ಲೆಕ್ಕ. ಆಮೇಲೆ ಯಾರೂ ಮಾತಾಡ್ಲಿಲ್ಲ.

ಮಧ್ಯದಲ್ಲಿ ಮನೆ ಹಿತ್ತಲಲ್ಲಿ ಹಳೇ ಡ್ರಮ್ ಇಟ್ಕೊಂಡು ಬೇರೆ ಆಟನೂ ಆಡ್ದೆ. ಒಂದೊಂದು ಕೆಜಿ ತೂಗಿ ಒಣ ತರಗು, ಇಬ್ಬನಿ ಕುಡಿದ ತರಗು, ಲಂಟಾನ ಕಡ್ಡಿ, ಆನೆ ಲದ್ದಿ, ಎಲ್ಲಾ ಸುಟ್ಟೆ. ಒಣ ತರಗು ಭಗ್ ಅಂತ ಉರಿದು ಮುಗೀತು, ಒದ್ದೆ ತರಗು ಅದರ ನಾಕೈದು ಪಟ್ಟು ಬಿಳಿ ಹೊಗೆ ಕೊಡ್ತು. ಲದ್ದಿ ಮಾತ್ರ ಉರಿಯೋದೇ ಇಲ್ಲ, ಒಳಗೊಳಗೇ ಕೆಂಡ ಹಿಡ್ಕೊಂಡು ಒಂಬತ್ತು ತಾಸು ಹೊಗೆಯಾಡ್ತು. ರಾತ್ರಿ ಎರಡು ಗಂಟೆ ಹೊಗೆ ಎಲ್ಲಿಂದ ಬರುತ್ತೆ ಅನ್ನೋದು ಅವತ್ತೇ ಗೊತ್ತಾಗಿದ್ದು. ರೇಖೆ ಏಳಕ್ಕೇ ಆರಿದೆ ಅಂತ ಮನೆಗೆ ಹೋಗ್ತೀವಿ, ಬಿದ್ದ ಮರದ ಬೊಡ್ಡೆ, ಲದ್ದಿ ಬೆಳಗಿನವರೆಗೂ ಕೆಲಸ ಮಾಡ್ತಿರ್ತವೆ.

ಇದನ್ನ ವಾಚರ್‌ಗಳಿಗೆ ಗ್ರಾಫ್ ತೋರಿಸಿ ಹೇಳ್ದೆ. ಅವರ ಕಷ್ಟನೂ ನಿಜ, ಬೆಂಕಿ ಕೈ ಮೀರಬಾರ್ದು ಅಂದ್ರೆ ಗಾಳಿ ಬಿದ್ದಿರೋ ಸಂಜೆನೇ ಸೇಫು, ಆದ್ರೆ ಹೊಗೆ ಮೇಲೇರಿ ಚದುರ್ಬೇಕು ಅಂದ್ರೆ ಬಿಸಿಲು ಬೇಕು. ಮಾತಾಡಿ ಮಾತಾಡಿ ಒಂದು ದಾರಿ ಸಿಕ್ತು: ಇಬ್ಬನಿ ಆರಿದ ಮೇಲೆ ಬೆಳಿಗ್ಗೆನೇ ಸಣ್ಣ ಸಣ್ಣ ತುಂಡಾಗಿ ಹಚ್ಚೋದು, ಲದ್ದಿನ ಮೊದಲೇ ರೇಖೆಯಿಂದ ಆಚೆ ಎತ್ತಿ ಹಾಕೋದು, ಬೊಡ್ಡೆಗಳಿಗೆ ಮಣ್ಣು ಮುಚ್ಚಿ ಬರೋದು. ಆ ಹದಿನಾಲ್ಕರ ಮೇಲೆ ಇನ್ನೂ ನಾಲ್ಕು ಸಲ ಹಂಗೆ ಸುಟ್ರು, ರಾತ್ರಿ ಏರಿಕೆ ಅರ್ಧಕ್ಕಿಂತ ಕಮ್ಮಿ, 70-80ರ ಮೇಲೆ ಹೋಗ್ಲಿಲ್ಲ. ಮಣ್ಣು ಮುಚ್ಚೋಕೆ ಮೂರು ಆಳು ಅರ್ಧ ದಿನ ಜಾಸ್ತಿ ಬೇಕು, ಆ ಕೂಲಿ ಯಾರು ಕೊಡ್ತಾರೆ ಅನ್ನೋದು ಇನ್ನೂ ಮುಗಿದಿಲ್ಲ.

ಎಲ್ಲಾ ಸೇರಿ ಮೂರು ವರ್ಷಕ್ಕೆ ಒಂದು ಲಕ್ಷದ ಹತ್ರ ಹೋಗಿದೆ. ನಾಲ್ಕು ಸಲದ ಡೇಟಾ ಸಾಲಲ್ಲ, ಬರೋ ಜನವರಿಗೆ ಕನಿಷ್ಠ ಹತ್ತು ಸಲ ಬೇಕು, ಇನ್ನೆರಡು ಜೋಡಿ ಬಾಕ್ಸ್ ಕಟ್ತಿದೀನಿ. ಅಜ್ಜಿ ಜಗಲಿ ಮೇಲಿನ ಬಾಕ್ಸ್ ಬಿಚ್ಚಿಲ್ಲ, ದಿನಾ ಅವರೇ ಧೂಳು ಒರೆಸಿ ಲೈಟ್ ಮಿಣುಕ್ತಿದ್ಯಾ ಅಂತ ಮೊಮ್ಮಗನ ಕೈಲಿ ಫೋನ್ ಮಾಡಿಸ್ತಾರೆ.